ನಾರುಬೇರಿನ ಒಳಗುಟ್ಟು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲ ಕೇಳಿದವರೇ. ಇರಲಿ, ಹಿತ್ತಲ ಗಿಡವೂ ಮದ್ದೇ ಎಂದು ಒಪ್ಪಿಕೊಂಡರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಗಿಡದ ಯಾವ ಭಾಗ ಮದ್ದು? ಎಲೆಯೋ, ತೊಗಟೆಯೋ, ಬೇರೋ? ನಮ್ಮ ಹಿರಿಯರು ಹಳ್ಳಿಮದ್ದಿಗೆ ‘ನಾರುಬೇರು’ ಎಂದೇ ಹೆಸರಿಟ್ಟರು. ಬೇರಿಗೆ ಅವರು ಕೊಟ್ಟ ಈ ಗೌರವ ಸುಮ್ಮನೆ ಬಂದದ್ದಲ್ಲ. ಆ ಬೇರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಕಳೆದ ಎಂಬತ್ತು ವರ್ಷಗಳಲ್ಲಿ ವಿಜ್ಞಾನಿಗಳು ಒಂದೊಂದಾಗಿ ಬಿಡಿಸಿ ನೋಡಿದ್ದಾರೆ. ಅದನ್ನು ನಮ್ಮ ಸಂಚಿಕೆಯ ಓದುಗರ ಮುಂದಿಡುವ ಸಣ್ಣ ಪ್ರಯತ್ನ ಇದು.

ನಾನು ಮಲೆನಾಡಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಈಗ ಲಿವರ್‌ಪೂಲಿನಲ್ಲಿ ಮಗನ ಸಂಸಾರದ ಜೊತೆಗಿದ್ದೇನೆ. ಬೆಳಿಗ್ಗೆ ಜಾರ್ಜಸ್ ನದಿಯ ದಂಡೆಯಲ್ಲಿ ವಾಕಿಂಗ್ ಹೋದಾಗ ನಮ್ಮ ಕಡೆಯ ಹಿರಿಯರು ನಾಲ್ಕಾರು ಮಂದಿ ಸಿಗುತ್ತಾರೆ. ನಾನು ಗಿಡಗಳ ಮೇಷ್ಟ್ರು ಎಂದು ತಿಳಿದ ಮೇಲೆ ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಮೇಷ್ಟ್ರೇ, ಊರಿಂದ ತಂದ ಬೇರಿನ ಪುಡಿ ಇದೆ. ಬಿ.ಪಿ. ಮಾತ್ರೆ ಜೊತೆ ತಗೋಬಹುದಾ? ಹೇಗೂ ಗಿಡಮೂಲಿಕೆ ತಾನೇ, ಏನೂ ಆಗಲ್ಲ ಅಲ್ವಾ?” ಒಂದು ಮಾತಿನಲ್ಲಿ ಉತ್ತರಿಸಿದರೆ ಅವರಿಗೆ ಸಮಾಧಾನವಾಗುವುದಿಲ್ಲ. ಆದ್ದರಿಂದ ಬುಡದಿಂದಲೇ ಹೇಳುತ್ತೇನೆ.

ಹುಣಸೂರಿನ ರೈತ ಕುಡಿ ಚಿವುಟುವುದೇಕೆ?

ಗಿಡಗಳು ತಯಾರಿಸುವ, ಸಾರಜನಕ ಸೇರಿದ, ಹೆಚ್ಚಾಗಿ ಕಹಿಯಾದ ಒಂದು ದೊಡ್ಡ ಗುಂಪಿನ ವಸ್ತುಗಳಿಗೆ ಆಲ್ಕಲಾಯ್ಡ್ ಎಂದು ಹೆಸರು. ಕನ್ನಡದ ಪುಸ್ತಕಗಳಲ್ಲಿ ಸಸ್ಯಕ್ಷಾರ ಎನ್ನುತ್ತಾರೆ. ಕಾಫಿಯ ಕೆಫೀನ್, ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್, ನೋವು ಕಳೆಯುವ ಮಾರ್ಫಿನ್, ತಂಬಾಕಿನ ನಿಕೋಟಿನ್ ಎಲ್ಲವೂ ಇದೇ ಬಳಗ. (ಯುಗಾದಿಯ ಬೇವಿನ ಕಹಿ ಮಾತ್ರ ಈ ಜಾತಿಯದಲ್ಲ, ಅದು ಬೇರೆಯೇ ಗುಂಪು!) ಗಿಡ ಇವನ್ನು ನಮ್ಮ ರೋಗ ವಾಸಿಮಾಡಲೆಂದು ತಯಾರಿಸುವುದಿಲ್ಲ. ಓಡಿಹೋಗಲಾರದ ಜೀವಿ ತನ್ನನ್ನು ತಿನ್ನಲು ಬರುವ ಹುಳ, ದನ, ಶಿಲೀಂಧ್ರಗಳಿಂದ ಉಳಿಯಲು ಮಾಡಿಕೊಂಡ ವಿಷ ಅದು. ಪ್ರಮಾಣ ಹಿತಮಿತವಾಗಿದ್ದರೆ ನಮಗೆ ಮದ್ದು, ಮೀರಿದರೆ ನಮಗೂ ವಿಷವೇ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣದ ಕಡೆ ಹೋದವರು ತಂಬಾಕಿನ ಹೊಲ ನೋಡಿರುತ್ತೀರಿ. ಅಲ್ಲಿ ಹೂವು ಬರುವ ಹೊತ್ತಿಗೆ ರೈತರು ಗಿಡದ ಕುಡಿ ಚಿವುಟುತ್ತಾರೆ. ಕುಡಿ ಚಿವುಟಿದರೆ ಎಲೆ ದಪ್ಪವಾಗುತ್ತದೆ, ಖಾರವೂ ಏರುತ್ತದೆ ಎಂಬುದು ಅವರ ಅನುಭವ. ಖಾರ ಎಂದರೆ ನಿಕೋಟಿನ್. ಒಣಗಿಸಿದ ಎಲೆಯ ತೂಕದಲ್ಲಿ ಅದು ಸಾಮಾನ್ಯವಾಗಿ ಶೇ. 1ರಿಂದ 3ರಷ್ಟು ಇರುತ್ತದೆ. ಇಷ್ಟೊಂದು ನಿಕೋಟಿನ್ ಎಲೆಯಲ್ಲಿ ಸಿಗುವುದರಿಂದ ಎಲೆಯೇ ಅದನ್ನು ತಯಾರಿಸುತ್ತದೆ ಎಂದು ಬಹುಕಾಲ ನಂಬಲಾಗಿತ್ತು.

1940ರ ದಶಕದ ಆರಂಭದಲ್ಲಿ ಅಮೆರಿಕದ ರೇ ಡಾಸನ್ ಎಂಬ ವಿಜ್ಞಾನಿ ಒಂದು ಸರಳ ಪ್ರಯೋಗ ಮಾಡಿದರು. ನಮ್ಮೂರಿನಲ್ಲಿ ಮಾವಿಗೆ ಕಸಿ ಕಟ್ಟುತ್ತಾರಲ್ಲ, ಹಾಗೆಯೇ ತಂಬಾಕಿನ ಬೇರಿಗೆ ಟೊಮ್ಯಾಟೊ ಗಿಡದ ತುದಿಯನ್ನೂ, ಟೊಮ್ಯಾಟೊ ಬೇರಿಗೆ ತಂಬಾಕಿನ ತುದಿಯನ್ನೂ ಕಸಿ ಕಟ್ಟಿದರು. ಎರಡೂ ಬದನೆಯ ಕುಟುಂಬದವೇ ಆದ್ದರಿಂದ ಕಸಿ ಕೂಡಿಕೊಂಡಿತು. ಫಲಿತಾಂಶ ನೋಡಿ: ತಂಬಾಕಿನ ಬೇರಿನ ಮೇಲೆ ಬೆಳೆದ ಟೊಮ್ಯಾಟೊ ಎಲೆಯಲ್ಲಿ ನಿಕೋಟಿನ್ ತುಂಬಿತ್ತು. ಟೊಮ್ಯಾಟೊ ಬೇರಿನ ಮೇಲೆ ಬೆಳೆದ ತಂಬಾಕಿನ ಎಲೆಯಲ್ಲಿ ಅದು ಹೆಸರಿಗಷ್ಟೇ. ಅಂದರೆ ಅಡುಗೆಮನೆ ಇರುವುದು ಕೆಳಗೆ, ಬೇರಿನಲ್ಲಿ. ಎಲೆ ಬರೀ ಉಗ್ರಾಣ.

ಬೇರು ಹೀರಿದ ನೀರು ಕಾಂಡದೊಳಗಿನ ಸಣ್ಣ ಕೊಳವೆಗಳಲ್ಲಿ ಮೇಲಕ್ಕೆ ಏರುತ್ತದೆ. ಶಾಲೆಯಲ್ಲಿ ಓದಿದ ‘ಕ್ಸೈಲಮ್’ ನೆನಪಿರಬಹುದು. ಎಲೆಯಿಂದ ನೀರು ಆವಿಯಾದಂತೆಲ್ಲ ಕೆಳಗಿನಿಂದ ನೀರು ಎಳೆಯಲ್ಪಡುತ್ತದೆ. ಬೇರು ತಯಾರಿಸಿದ ನಿಕೋಟಿನ್ ಆ ನೀರಿನ ಜೊತೆಗೇ ಪ್ರಯಾಣ ಮಾಡಿ ಎಲೆ ಸೇರುತ್ತದೆ. ಆದರೆ ಅಲ್ಲಿ ಅದು ಕಂಡಕಂಡಲ್ಲಿ ಓಡಾಡಿದರೆ ಗಿಡಕ್ಕೇ ಕಷ್ಟ. ಆದ್ದರಿಂದ ಪ್ರತಿ ಜೀವಕೋಶದೊಳಗೆ ರಸದಾನಿ ಎಂಬ ಚೀಲವಿದೆ, ನಿಕೋಟಿನ್ ಅದರೊಳಗೆ ಬಂದಿಯಾಗುತ್ತದೆ. ಚೀಲದ ಗೋಡೆಯಲ್ಲಿ ನಿಂತು ಅದನ್ನು ಒಳಕ್ಕೆ ಸಾಗಿಸುವ ಹಮಾಲಿ ಪ್ರೋಟೀನುಗಳನ್ನು 2009ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು.

ಇನ್ನೂ ಸ್ವಾರಸ್ಯದ ಸಂಗತಿ ಎಂದರೆ ಮೇಲಿನಿಂದ ಕೆಳಕ್ಕೆ ಹೋಗುವ ಸುದ್ದಿ. ಹುಳ ಎಲೆ ಕಡಿದೊಡನೆ ಜಾಸ್ಮೊನೇಟ್ ಎಂಬ ಹಾರ್ಮೋನಿನ ಮೂಲಕ ಬೇರಿಗೆ ಸಂದೇಶ ಮುಟ್ಟುತ್ತದೆ, ಬೇರು ನಿಕೋಟಿನ್ ತಯಾರಿಯನ್ನು ಹೆಚ್ಚಿಸುತ್ತದೆ. ರೈತ ಕುಡಿ ಚಿವುಟಿದಾಗಲೂ ಗಿಡದ ಪಾಲಿಗೆ ಅದು ಒಂದು ಗಾಯವೇ. ಹೂವು ಬೀಜಕ್ಕೆ ಹೋಗಬೇಕಾದ ಶಕ್ತಿಯೂ ಉಳಿಯುತ್ತದೆ, ಬೇರೂ ಚುರುಕಾಗುತ್ತದೆ. ಹುಣಸೂರಿನ ರೈತನ ಅನುಭವದ ಮಾತಿಗೆ ಕಾರಣ ಸಿಕ್ಕಿತಲ್ಲ!

ಆಸ್ಟ್ರೇಲಿಯಾದ ಮದ್ದಿನ ಮರ

ನಾವೀಗ ಇರುವ ನೆಲದಲ್ಲೂ ಇಂಥದೇ ಒಂದು ಗಿಡವಿದೆ. ಸಿಡ್ನಿಯಿಂದ ಉತ್ತರಕ್ಕೆ, ಕರಾವಳಿಯ ಮಳೆಕಾಡಿನ ಅಂಚಿನಲ್ಲಿ ಬೆಳೆಯುವ, ಬೆಂಡಿನಂಥ ತೊಗಟೆಯ ಡುಬಾಯ್ಸಿಯಾ. ಇಲ್ಲಿಯವರು ಇದನ್ನು ಕಾರ್ಕ್‌ವುಡ್ ಎನ್ನುತ್ತಾರೆ. ಇದೂ ಬದನೆಯ ಕುಟುಂಬವೇ. ಇದರ ನೆಂಟ ಒಳನಾಡಿನ ಮರಳುಭೂಮಿಯ ‘ಪಿಚುರಿ’. ಇಲ್ಲಿಯ ಮೂಲನಿವಾಸಿಗಳು ದೂರದ ಪ್ರಯಾಣದಲ್ಲಿ ಹಸಿವು ಆಯಾಸ ಮರೆಯಲು ಅದರ ಎಲೆಯನ್ನು ಬೂದಿಯ ಜೊತೆ ಜಗಿಯುತ್ತಿದ್ದರು. ನಮ್ಮವರು ಹೊಗೆಸೊಪ್ಪಿಗೆ ಸುಣ್ಣ ಹಚ್ಚುವ ಹಾಗೆಯೇ! ಅದರಲ್ಲಿರುವುದೂ ನಿಕೋಟಿನ್ನೇ. 1870ರ ದಶಕದಲ್ಲಿ ಬ್ರಿಸ್ಬೇನಿನ ವೈದ್ಯ ಜೋಸೆಫ್ ಬ್ಯಾಂಕ್ರಾಫ್ಟ್ ಈ ಗಿಡಗಳನ್ನು ಪರೀಕ್ಷಿಸಿ, ಕಾರ್ಕ್‌ವುಡ್ಡಿನ ಸಾರ ಕಣ್ಣಿನ ಪಾಪೆಯನ್ನು ಹಿಗ್ಗಿಸುತ್ತದೆ ಎಂದು ತೋರಿಸಿದರು. ಕಣ್ಣಿನ ಚಿಕಿತ್ಸೆಗೆ ಅದು ಉಪಯೋಗಕ್ಕೆ ಬಂತು.

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಸರಬರಾಜು ನಿಂತುಹೋದಾಗ, ಹಡಗಿನಲ್ಲಿ ಸೈನಿಕರಿಗೆ ಬರುವ ವಾಂತಿ ತಡೆಯುವ ಹಯೋಸಿನ್ ಎಂಬ ಮದ್ದಿಗೆ ಆಸ್ಟ್ರೇಲಿಯಾದ ಡುಬಾಯ್ಸಿಯಾ ಆಧಾರವಾಯಿತು. ಯುದ್ಧದ ನಂತರ ಕ್ವೀನ್ಸ್‌ಲ್ಯಾಂಡಿನ ಕಿಂಗರಾಯ್ ಸುತ್ತ ಇದು ರೈತರ ಬೆಳೆಯೇ ಆಯಿತು. ಹೊಟ್ಟೆ ಹಿಡಿದುಕೊಂಡಾಗ ಫಾರ್ಮಸಿಯಿಂದ ತರುವ ಬಸ್ಕೊಪಾನ್ ಮಾತ್ರೆಯ ಮೂಲವಸ್ತು ಇದೇ ಹಯೋಸಿನ್. ಗಮನಿಸಿ, ಅಲ್ಲಿ ಕೊಯ್ಯುವುದು ಎಲೆಯನ್ನು. ತಯಾರಿ ಮುಖ್ಯವಾಗಿ ನಡೆಯುವುದು ಬೇರಿನಲ್ಲಿ. ಬೇರು ಮೇಲಕ್ಕೆ ಕಳಿಸುವುದರಿಂದ ರೈತ ಎಲೆ ಸವರಿಕೊಂಡರೆ ಸಾಕು, ಗಿಡ ಮತ್ತೆ ಚಿಗುರುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಶಿವನ ಹೂವು, ಕೈಯಿಂದ ಕೈಗೆ

ಶಿವಪೂಜೆಗೆ ಏರಿಸುವ ಉಮ್ಮತ್ತಿ ಹೂವಿನ ಗಿಡದಲ್ಲಿಯೂ ಇದೇ ಜಾತಿಯ ಆಲ್ಕಲಾಯ್ಡುಗಳು. ಸಿಡ್ನಿಯ ಎಷ್ಟೋ ಮನೆಗಳ ಮುಂದೆ ಗಂಟೆಯಂತೆ ನೇತಾಡುವ ‘ಏಂಜೆಲ್ಸ್ ಟ್ರಂಪೆಟ್’ ಇದರ ಹತ್ತಿರದ ಸಂಬಂಧಿ. ಇವುಗಳ ಬೇರಿನೊಳಗೆ ಕೆಲಸ ಹಂಚಿಕೆಯಾಗಿದೆ. ಬೇರನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈರುಳ್ಳಿಯ ಸುತ್ತಿನಂತೆ ಪದರಗಳು ಕಾಣುತ್ತವೆ. ಮೊದಲ ಹಂತದ ಕೆಲಸ ಒಳಗಿನ, ನೀರ್ಗೊಳವೆಗೆ ತಾಗಿದ ಪದರದಲ್ಲಿ. ನಡುವಿನ ಹಂತ ಹೊರಗಿನ ಪದರಗಳಲ್ಲಿ. ಕೊನೆಯ ಹಂತ ಮತ್ತೆ ಒಳಪದರದಲ್ಲಿ, ತಯಾರಾದ ಮಾಲು ನೇರವಾಗಿ ನೀರ್ಗೊಳವೆಗೆ ಇಳಿಯಲು ಅನುಕೂಲವಾಗುವಂತೆ. ನಮ್ಮ ಮದುವೆಮನೆಯಲ್ಲಿ ಹೆಚ್ಚುವವರು ಒಂದು ಕಡೆ, ಒಲೆಯ ಮುಂದೆ ಒಬ್ಬರು, ಬಡಿಸುವವರು ಬಾಗಿಲ ಬಳಿ ಇರುತ್ತಾರಲ್ಲ, ಹಾಗೆ.

ಇಲ್ಲಿ ತೋಟಗಾರಿಕೆಯ ಹುಚ್ಚಿರುವ ಗೆಳೆಯರಿಗೆ ಒಂದು ಎಚ್ಚರಿಕೆ. ನಮ್ಮ ಕರಾವಳಿಯಲ್ಲಿ ಸೊರಗು ರೋಗ ತಪ್ಪಿಸಲು ಬದನೆಯನ್ನು ಸುಂಡೆಯ ಬೇರಿಗೆ ಕಸಿ ಕಟ್ಟುವುದುಂಟು. ಸುಂಡೆಕಾಯಿ ನಾವು ಸಾರಿಗೆ ಹಾಕುವ ಪದಾರ್ಥ, ಅದರಿಂದ ಭಯವಿಲ್ಲ. ಆದರೆ ಗಟ್ಟಿಮುಟ್ಟಾಗಿ ಬೆಳೆಯುತ್ತದೆ ಎಂದು ಉಮ್ಮತ್ತಿಯ ಬೇರಿಗೆ ಟೊಮ್ಯಾಟೊ ಕಸಿ ಕಟ್ಟಿ, ಆ ಹಣ್ಣು ತಿಂದು ವಿಷವೇರಿದ ಪ್ರಕರಣ ಅಮೆರಿಕದಲ್ಲಿ ನಡೆದಿದೆ. ನೋಡಲು ಟೊಮ್ಯಾಟೊ, ಒಳಗೆ ಉಮ್ಮತ್ತಿ. ಮೆಲ್ಬರ್ನಿನ ಚಳಿಗೋ ಸಿಡ್ನಿಯ ಬಿಸಿಲಿಗೋ ತಡೆಯುವ ಬೇರು ಹುಡುಕುವವರು ತಿನ್ನುವ ಜಾತಿಯ ಬೇರಿಗೇ ಕಸಿ ಕಟ್ಟಿ.

ಮಣ್ಣಿಗೆ ಸುರಿಯುವ ಬೇರು

ಬೇರು ತಯಾರಿಸಿದ್ದೆಲ್ಲ ಮೇಲಕ್ಕೇ ಹೋಗುವುದಿಲ್ಲ. ಒಂದಿಷ್ಟು ಹೊರಕ್ಕೆ, ಮಣ್ಣಿಗೆ ಸ್ರವಿಸುತ್ತದೆ. ಬೇರಿನ ಸುತ್ತಲಿನ ಮಣ್ಣಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು. ಕೆಲವು ನೆಂಟರು, ಕೆಲವು ಕಳ್ಳರು. ನೆಂಟರಿಗೆ ಸಕ್ಕರೆಯ ಪಾನಕ, ಕಳ್ಳರಿಗೆ ಕಹಿ. ಹೀಗೆ ಹೊರಕ್ಕೆ ದಾಟಿಸಲೂ ಜೀವಕೋಶದ ಪೊರೆಯಲ್ಲಿ ಬೇರೆಯೇ ಹಮಾಲಿ ಪ್ರೋಟೀನುಗಳಿವೆ.

ಇದಕ್ಕೆ ಒಳ್ಳೆಯ ಉದಾಹರಣೆ ಕ್ಯಾಂಪ್ಟೊಥೆಸಿನ್. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಚೀನಾದ ಮರವೊಂದರಲ್ಲಿ ಇದನ್ನು ಕಂಡುಹಿಡಿದರು. ಇಂದು ಕ್ಯಾನ್ಸರಿಗೆ ಕೊಡುವ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಎರಡು ಔಷಧಿಗಳು ಇದರಿಂದಲೇ ಬಂದವು. ನಮ್ಮ ಪಶ್ಚಿಮ ಘಟ್ಟದ ‘ದುರ್ವಾಸನೆ ಮರ’ದಲ್ಲೂ ಅದು ಹೇರಳವಾಗಿದೆ ಎಂದು 1970ರ ದಶಕದಲ್ಲಿ ತಿಳಿಯಿತು. ತಿಳಿದದ್ದೇ ತಡ, ಮರಗಳಿಗೆ ಕೊಡಲಿ ಬಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಘಟ್ಟದುದ್ದಕ್ಕೂ ಈ ಮರಗಳನ್ನು ಹುಡುಕಿ, ಯಾವುದರಲ್ಲಿ ಎಷ್ಟು ಔಷಧಿ ಇದೆ ಎಂದು ಅಳೆದಿದ್ದಾರೆ.

ಕ್ಯಾಂಪ್ಟೊಥೆಸಿನ್ ಜೀವಕೋಶ ಒಡೆದು ಎರಡಾಗುವ ಕೆಲಸವನ್ನೇ ಕೆಡಿಸುವ ವಿಷ. ಹಾಗಾದರೆ ತಯಾರಿಸುವ ಗಿಡ ಸಾಯುವುದಿಲ್ಲವೇ? ಈ ಪ್ರಶ್ನೆಗೆ 2008ರಲ್ಲಿ ಉತ್ತರ ಸಿಕ್ಕಿತು. ವಿಷ ಹೋಗಿ ಹಿಡಿಯುವ ಕಿಣ್ವವೇ ಆ ಗಿಡಗಳಲ್ಲಿ ಸ್ವಲ್ಪ ಬದಲಾಗಿದೆ. ಬೀಗ ಬದಲಾದ ಮನೆಗೆ ಹಳೆಯ ಕಳ್ಳಕೀಲಿ ಹಿಡಿಯದ ಹಾಗೆ. ಇದಕ್ಕೂ ಮುಂಚೆ, 2001ರಲ್ಲಿ, ಜಪಾನಿನ ಸೈಟೊ ಮತ್ತು ಸಂಗಡಿಗರು ಇದೇ ವಸ್ತುವಿರುವ ಓಫಿಯೊರೈಜಾ ಎಂಬ ಸಣ್ಣ ಗಿಡದ ಬೇರನ್ನು ಮಾತ್ರ ಗಾಜಿನ ಪಾತ್ರೆಯಲ್ಲಿ, ದ್ರವದಲ್ಲಿ ಬೆಳೆಸಿದ್ದರು. ಎಲೆಯೂ ಇಲ್ಲ, ಕಾಂಡವೂ ಇಲ್ಲ. ಬೇರು ತಾನೇ ಮದ್ದು ತಯಾರಿಸಿ ದ್ರವಕ್ಕೆ ಸುರಿಯಿತು! ದ್ರವದೊಳಗೆ ಮದ್ದನ್ನು ಹೀರಿಕೊಳ್ಳುವ ಅಂಟಿನ ಮಣಿಗಳನ್ನು ಹಾಕಿಟ್ಟರೆ ಬೇರನ್ನು ಮುಟ್ಟದೆಯೇ ಮದ್ದು ತೆಗೆಯಬಹುದು. ಹಸುವನ್ನು ಕೊಲ್ಲದೆ ಹಾಲು ಕರೆದ ಹಾಗೆ.

ಸುರಿದದ್ದು ಪಕ್ಕದ ಗಿಡಕ್ಕೂ ಹೋಗಬಹುದು. ಜರ್ಮನಿಯ ಡಿರ್ಕ್ ಸೆಲ್ಮಾರ್ ಮತ್ತು ಸಂಗಡಿಗರು ಪುದೀನದ ಕುಂಡಕ್ಕೆ ಸಿಗರೇಟಿನ ತಂಬಾಕು ಹಾಕಿ ನೋಡಿದರು. ಮಣ್ಣಿಗಿಳಿದ ನಿಕೋಟಿನ್ ಪುದೀನದ ಎಲೆಯಲ್ಲಿ ಸಿಕ್ಕಿತು. ಬಾಲ್ಕನಿಯ ಪುದೀನ, ಕೊತ್ತಂಬರಿ ಕುಂಡವನ್ನು ಆಶ್‌ಟ್ರೇ ಮಾಡುವ ಅತಿಥಿಗಳಿಗೆ ಇದನ್ನು ಅವಶ್ಯ ಓದಿ ಹೇಳಿ.

ಸರ್ಪಗಂಧ: ಬೇರಿನಲ್ಲೇ ಉಳಿದ ಮದ್ದು

ತಂಬಾಕು, ಡುಬಾಯ್ಸಿಯಾ ಮೇಲಕ್ಕೆ ಕಳಿಸುತ್ತವೆ. ಓಫಿಯೊರೈಜಾ ಹೊರಕ್ಕೂ ಸುರಿಯುತ್ತದೆ. ಮೂರನೆಯ ಜಾತಿ ತನ್ನ ಗಂಟನ್ನು ಬೇರಿನಲ್ಲೇ ಬಚ್ಚಿಟ್ಟುಕೊಳ್ಳುತ್ತದೆ. ಸರ್ಪಗಂಧ ಅಂಥದ್ದು. ಸೂತ್ರನಾಭಿ ಎಂದೂ ಕರೆಯುತ್ತಾರೆ. ಮೊಣಕಾಲೆತ್ತರದ ಗಿಡ, ಬಿಳಿ-ಗುಲಾಬಿ ಹೂಗೊಂಚಲು, ಬಲಿತರೆ ಕಪ್ಪಾಗುವ ಹಣ್ಣು. ಮದ್ದಿನ ಬಹುಪಾಲು ಬೇರಿನ ತೊಗಟೆಯಲ್ಲಿದೆ.

1931ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಈ ಬೇರಿನಿಂದ ಅಜ್ಮಲಿನ್ ಮೊದಲಾದ ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದರು. ಹಕೀಮ್ ಅಜ್ಮಲ್ ಖಾನರ ನೆನಪಿಗೆ ಆ ಹೆಸರು. 1949ರಲ್ಲಿ ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್ ಐವತ್ತು ಮಂದಿ ರಕ್ತದೊತ್ತಡದ ರೋಗಿಗಳ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ ಜಗತ್ತಿನ ಕಣ್ಣು ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ರಿಸರ್ಪಿನ್ ಬೇರ್ಪಡಿಸಿದರು. ಒಂದು ಕಿಲೋ ಒಣಬೇರಿನಲ್ಲಿ ರಿಸರ್ಪಿನ್ ಇರುವುದು ಒಂದೆರಡು ಗ್ರಾಂ ಮಾತ್ರ. ಆ ಬೇರು ಬಲಿಯಲು ಎರಡು ಮೂರು ವರ್ಷ ಬೇಕು. ಬೇರು ಕಿತ್ತರೆ ಗಿಡವೇ ಹೋಯಿತು. ಬೇಡಿಕೆ ಕಾಡನ್ನು ಏನು ಮಾಡಿರಬಹುದು ಎಂದು ನೀವೇ ಲೆಕ್ಕ ಹಾಕಿ. 1990ರಿಂದ ಸರ್ಪಗಂಧ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿದೆ.

ನಮ್ಮ ತಾಯಿಗೆ ಬಿ.ಪಿ. ಇತ್ತು, ನಿದ್ದೆ ಬರುತ್ತಿರಲಿಲ್ಲ. ಊರಿನ ಪಂಡಿತರು ಸರ್ಪಗಂಧದ ಪುಡಿಯನ್ನು ಗುಲಗಂಜಿ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದರು. ಪ್ರತಿ ಸಲವೂ ನಾಡಿ ಹಿಡಿದು ನೋಡುವರು. “ಮನಸ್ಸು ಮಂಕಾಗ್ತದಾ ತಾಯಿ? ಮೂಗು ಕಟ್ತದಾ?” ಎಂದು ಕೇಳುವರು. ಹೌದೆಂದರೆ ಅಂದಿನಿಂದಲೇ ನಿಲ್ಲಿಸುವರು. ನಾನು ಎಂ.ಎಸ್ಸಿ. ಓದುವಾಗ ರಿಸರ್ಪಿನ್‌ನ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಇದೇ ಎರಡನ್ನು ಕಂಡು ಬೆರಗಾದೆ. ಅವರು ಬೇರು ತೆಗೆಯುತ್ತಿದ್ದದ್ದು ಹಣ್ಣು ಕಪ್ಪಾದ ಮೇಲೆಯೇ. ಅದೇ ಗುಂಡಿಗೆ ನಾಲ್ಕು ಹಣ್ಣು ಹಾಕಿ ಮಣ್ಣು ಮುಚ್ಚಿ ಬರುತ್ತಿದ್ದರು.

ಪಂಡಿತರು ಹೋದ ಮೇಲೆ ಆ ಗುಡ್ಡಕ್ಕೆ ಚೀಲ ಹಿಡಿದು ಬಂದವರು ಹಣ್ಣಿಗಾಗಿ ಕಾಯಲಿಲ್ಲ. ನಾನು ಹುಡುಗನಾಗಿದ್ದಾಗ ದನ ಕಾಯುತ್ತ ದಾರಿಯುದ್ದಕ್ಕೂ ಕಂಡ ಗಿಡವನ್ನು 1990ರ ದಶಕದಲ್ಲಿ ನನ್ನ ವಿದ್ಯಾರ್ಥಿಗಳಿಗೆ ತೋರಿಸಲು ಇಡೀ ದಿನ ಅಲೆದೆ. ಸಿಕ್ಕಿದ್ದು ಎರಡು. ಮಕ್ಕಳು ಫೋಟೊ ತೆಗೆದುಕೊಂಡರು. ಜಾಗ ಯಾರಿಗೂ ಹೇಳಬೇಡಿ ಎಂದು ಮಾತ್ರ ಹೇಳಿದೆ.

ಬೇರು ಕೀಳದೆ ಮದ್ದು

ಇಷ್ಟೆಲ್ಲ ತಿಳಿದು ಏನು ಲಾಭ? ಲಾಭವಿದೆ. ಮದ್ದು ಎಲ್ಲಿ ತಯಾರಾಗುತ್ತದೆ, ಎಲ್ಲಿ ಉಳಿಯುತ್ತದೆ ಎಂದು ತಿಳಿದರೆ ಗಿಡ ಉಳಿಸುವ ದಾರಿಯೂ ತಿಳಿಯುತ್ತದೆ. ಮೇಲಕ್ಕೆ ಕಳಿಸುವ ಗಿಡದಲ್ಲಿ ಎಲೆ ಸವರಿದರೆ ಸಾಕು. ಹೊರಕ್ಕೆ ಸುರಿಯುವ ಬೇರನ್ನು ಪಾತ್ರೆಯಲ್ಲಿ ಬೆಳೆಸಬಹುದು. ಬಚ್ಚಿಟ್ಟುಕೊಳ್ಳುವ ಸರ್ಪಗಂಧದ ಬೇರನ್ನೂ ಪ್ರಯೋಗಶಾಲೆಯಲ್ಲಿ ಬಿಡಿಯಾಗಿ ಬೆಳೆಸಿ ಮದ್ದು ಪಡೆದಿದ್ದಾರೆ. ಕಾಡಿನಿಂದ ಕೀಳುವ ಬದಲು ಹೊಲದಲ್ಲಿ ಬೆಳೆಯುವ ದಾರಿಯೂ ಇದೆ. ಕಾಡಿನ ಮೂಲ ತಳಿಗಳನ್ನು ಅಲ್ಲಲ್ಲೇ ಉಳಿಸಲು ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆ ಮತ್ತು ಕರ್ನಾಟಕದ ಅರಣ್ಯ ಇಲಾಖೆ 1990ರ ದಶಕದಲ್ಲಿ ಸಾವನದುರ್ಗ, ದೇವರಾಯನದುರ್ಗ ಮುಂತಾದ ಕಡೆ ಔಷಧಿ ಸಸ್ಯಗಳ ಸಂರಕ್ಷಣಾ ತಾಣಗಳನ್ನು ಗುರುತಿಸಿದವು. ನಮ್ಮ ಲಿವರ್‌ಪೂಲಿನಿಂದ ಸುಮಾರು ಅರ್ಧ ಗಂಟೆಯ ಮೌಂಟ್ ಅನ್ನಾನ್ ಸಸ್ಯೋದ್ಯಾನದಲ್ಲಿ ಆಸ್ಟ್ರೇಲಿಯಾದ ಗಿಡಗಳ ಬೀಜಗಳನ್ನು ಶೀತದಲ್ಲಿ ಕಾಪಾಡುವ ಪ್ಲಾಂಟ್‌ಬ್ಯಾಂಕ್ ಇದೆ. ಮೊಮ್ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಆ ಬೀಜದ ಭಂಡಾರ ನೋಡಿದಾಗ ನನಗೆ ನಮ್ಮ ಪಂಡಿತರ ಗುಂಡಿ ನೆನಪಾಯಿತು.

ಇನ್ನು ವಾಕಿಂಗ್ ಗೆಳೆಯರಿಗೆ ಉತ್ತರ

ಗಿಡಮೂಲಿಕೆ ಎಂದರೆ ಸೌಮ್ಯ ಎಂಬ ನಂಬಿಕೆ ಸರಿಯಲ್ಲ. ರಿಸರ್ಪಿನ್‌ನ ದಿನದ ಪ್ರಮಾಣ ಸಾಮಾನ್ಯವಾಗಿ ಒಂದು ಮಿಲಿಗ್ರಾಂನ ಕಾಲುಭಾಗ ಅಥವಾ ಅದಕ್ಕೂ ಕಡಿಮೆ. ಒಂದು ಬೇರಿನಲ್ಲಿರುವಷ್ಟು ಮದ್ದು ಇನ್ನೊಂದರಲ್ಲಿ ಇರುವುದಿಲ್ಲ. ಗಿಡದ ವಯಸ್ಸು, ಮಣ್ಣು, ಮಳೆ, ತೊಗಟೆ ಎಷ್ಟು ಉಳಿದಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಚಮಚದಲ್ಲಿ ಅಳೆದ ಪುಡಿಯಲ್ಲಿ ಎಷ್ಟಿದೆ ಎಂದು ಹೇಳಬಲ್ಲವರು ಯಾರು? ಅದರ ಮೇಲೆ ಇಲ್ಲಿಯ ಡಾಕ್ಟರು ಕೊಟ್ಟ ಬಿ.ಪಿ. ಮಾತ್ರೆಯೂ ಸೇರಿದರೆ ಒತ್ತಡ ಧಡಕ್ಕನೆ ಇಳಿದು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವಿದೆ. ಆಸ್ಟ್ರೇಲಿಯಾದಲ್ಲಿ ಸರ್ಪಗಂಧ, ರಿಸರ್ಪಿನ್ ಎರಡೂ ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲದ ಔಷಧಿಗಳ ಪಟ್ಟಿಯಲ್ಲಿವೆ. ವಿಮಾನ ನಿಲ್ದಾಣದಲ್ಲಿ ಬೇರು, ಬೀಜ, ಪುಡಿ ಏನೇ ಇದ್ದರೂ ಕಾರ್ಡಿನಲ್ಲಿ ಬರೆದು ತೋರಿಸಲೇಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಊರಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವಂದಿರ ಚೀಲದಲ್ಲಿ ಪುಡಿಯ ಡಬ್ಬಿ ಇದ್ದರೆ ಬೈಯಬೇಡಿ, ನಗಲೂ ಬೇಡಿ. ಬೈದರೆ ಬಚ್ಚಿಟ್ಟು ತೆಗೆದುಕೊಳ್ಳುತ್ತಾರೆ. ಆ ಡಬ್ಬಿಯನ್ನೂ ಮಾತ್ರೆಯ ಪಟ್ಟಿಯನ್ನೂ ಜೊತೆಗೇ ಒಯ್ದು ಡಾಕ್ಟರಿಗೆ ತೋರಿಸಿ. ನಮ್ಮ ಪಂಡಿತರು ತೂಗಿ ಕೊಡುತ್ತಿದ್ದರು, ನಾಡಿ ನೋಡುತ್ತಿದ್ದರು, ಕೇಳುತ್ತಿದ್ದರು, ಬೇಕಾದಾಗ ನಿಲ್ಲಿಸುತ್ತಿದ್ದರು. ನಾರುಬೇರಿನ ವಿದ್ಯೆ ಎಂದರೆ ಆ ನಾಲ್ಕೂ ಸೇರಿ. ಪುಡಿಯೊಂದೇ ವಿಮಾನ ಹತ್ತಿ ಬಂದರೆ ಅದು ಅರ್ಧ ವಿದ್ಯೆಯೂ ಅಲ್ಲ.

  ವಾಕಿಂಗ್‌ನಲ್ಲಿ ಸಿಕ್ಕಾಗ ಗಿಡದ ಬಗ್ಗೆ ಏನು ಬೇಕಾದರೂ ಕೇಳಿ, ಮೇಷ್ಟ್ರಿಗೆ ಸಂತೋಷವೇ.